ಮುಳ್ಳುತಂತಿ ಹಾಕಿದರೂ ಮೇಕೆ ನಿಲ್ಲುತ್ತಿಲ್ಲ, ಗಟ್ಟಿ ಬೇಲಿ ಹೇಗೆ ಮಾಡುವುದು?

ಗೌರಿಬಿದನೂರು ಮೇಕೆಮನೆ

ಎಲ್ಲರಿಗೂ ನಮಸ್ಕಾರ. ಹೋದ ವಾರ ಒಂದು ದಿನ ಬೆಳಿಗ್ಗೆ ಹತ್ತಕ್ಕೆ ನಮ್ಮ ಒಂಬತ್ತು ಮೇಕೆಗಳು ಬೇಲಿ ನುಸುಳಿ ಪಕ್ಕದವರ ಹಿಪ್ಪುನೇರಳೆ ತೋಟಕ್ಕೆ ಹೋದವು. ನಾನು ಬೋರ್‌ವೆಲ್ ಹತ್ತಿರ ಇದ್ದೆ. ನೋಡುವಷ್ಟರಲ್ಲಿ ಮೂರು ಸಾಲು ಸೊಪ್ಪು ಖಾಲಿ. ಅವರ ಮನೆಯಲ್ಲಿ ರೇಷ್ಮೆ ಹುಳು ನಾಲ್ಕನೇ ಜ್ವರ (ನಾಲ್ಕನೇ ಸಲ ಪೊರೆ ಬಿಡುವುದು) ಎದ್ದು ಎರಡು ದಿನ ಆಗಿತ್ತು. ರೇಷ್ಮೆ ಮಾಡುವವರಿಗೆ ಗೊತ್ತು, ಒಂದು ಬೆಳೆಗೆ ಬೇಕಾಗುವ ಸೊಪ್ಪಿನಲ್ಲಿ ಮುಕ್ಕಾಲು ಪಾಲಿಗಿಂತ ಜಾಸ್ತಿ ಬೇಕಾಗುವುದು ಆ ಕೊನೆಯ ಒಂದು ವಾರದಲ್ಲೇ. ಆ ಅಣ್ಣ ನನ್ನನ್ನು ಬೈಯಲಿಲ್ಲ. "ಮೇಕೆಗೇನು ಗೊತ್ತು ಬಿಡಪ್ಪ" ಅಂದರು. ಬೈದಿದ್ದರೇ ಚೆನ್ನಾಗಿತ್ತು ಅನ್ನಿಸಿತು. ಸಂಜೆ ಬೇರೆ ಊರಿಂದ ಸೊಪ್ಪು ಕೊಂಡು ತಂದು ಅವರ ಹುಳುಮನೆ ಮುಂದೆ ಇಳಿಸಿದೆ. ಆದರೆ ಇದು ಇನ್ನೊಂದು ಸಲ ಆಗಬಾರದು.

ನಮ್ಮದು 3 ಎಕರೆ. 200 ಅಡಿ ಅಗಲ, 650 ಅಡಿ ಉದ್ದ. 22 ಮೇಕೆ, ಒಂದು ಹೋತ, ಎರಡು ಹಸು, ಸ್ವಲ್ಪ ನಾಟಿ ಕೋಳಿ. ಈಗ ಇರುವುದು ಕಲ್ಲುಕಂಬಕ್ಕೆ ಐದು ಸಾಲು ಮುಳ್ಳುತಂತಿ. ಹಾಕಿಸಿ ಎರಡು ವರ್ಷ ಆಯಿತು. ಮೂಲೆ ಕಂಬಗಳು ಆಗಲೇ ಒಳಕ್ಕೆ ವಾಲಿವೆ, ತಂತಿ ಜೋತುಬಿದ್ದಿದೆ. ಈಗ ಒಬ್ಬರು ಬಂದು ನೋಡಿ, ಮೂರೂ ಎಕರೆಗೆ ಆರಡಿ ಚೈನ್‌ಲಿಂಕ್ ಹಾಕಿಸಿ, ಎಲ್ಲಾ ಸರಿಹೋಗುತ್ತದೆ ಅಂತಿದ್ದಾರೆ. ಅವರು ಹೇಳಿದ ದುಡ್ಡು ಕೇಳಿ ರಾತ್ರಿ ನಿದ್ದೆ ಬರಲಿಲ್ಲ. ಅನುಭವ ಇರುವವರು ದಯವಿಟ್ಟು ಹೇಳಿ.

ಶಿರಾ ಬೇಲಿ ಕೆಲಸ

ಅಣ್ಣ, ನಾನು ಹದಿನೆಂಟು ವರ್ಷದಿಂದ ಇದೇ ಕೆಲಸ ಮಾಡುತ್ತಿದ್ದೇನೆ. ಮೊದಲು ಒಂದು ಮಾತು ಹೇಳಿಬಿಡುತ್ತೇನೆ. ಮುಳ್ಳುತಂತಿ ಇರುವುದು ಹೊರಗಿನ ದನ ಒಳಗೆ ಬಾರದ ಹಾಗೆ ನೋಡಿಕೊಳ್ಳುವುದಕ್ಕೆ. ಒಳಗಿನ ಮೇಕೆಯನ್ನು ಒಳಗೇ ಇಡುವುದು ಅದರ ಕೈಲಿ ಆಗುವುದಿಲ್ಲ. ದನಕ್ಕೆ ಎದೆಗೆ ಮುಳ್ಳು ತಾಗಿದರೆ ಹಿಂದೆ ಸರಿಯುತ್ತದೆ. ಮೇಕೆ ಹಾಗಲ್ಲ. ಮೊದಲು ತಲೆ ತೂರಿಸುತ್ತದೆ, ಆಮೇಲೆ ಭುಜ. ಭುಜ ಹೋಯಿತು ಅಂದರೆ ಮೈ ಪೂರ್ತಿ ಹೋದ ಹಾಗೆ. ಸಾಲು ಏಳಕ್ಕೆ ಏರಿಸಿದರೂ ಅಷ್ಟೇ, ಎರಡು ಕಂಬದ ನಡುವೆ ತಂತಿಯನ್ನು ಮೇಲೆತ್ತಿಕೊಂಡು ಹೋಗುತ್ತದೆ.

ಇನ್ನು ಎತ್ತರ. ಜನ ಎತ್ತರಕ್ಕೆ ದುಡ್ಡು ಹಾಕುತ್ತಾರೆ, ಬೇಲಿ ಸೋಲುವುದು ಮೂರು ಕಡೆ: ಮೂಲೆ, ಗೇಟು, ನೆಲಕ್ಕೆ ಹತ್ತಿದ ಮೊದಲ ಎರಡು ಅಡಿ. ನಮ್ಮ ಕಡೆಯ ಮೇಕೆಗೆ ಐದಡಿ ಬೇಲಿ ಸಾಕು. ಆರಡಿಗೆ ಕೊಡುವ ದುಡ್ಡನ್ನು ಮೂಲೆಗೆ ಹಾಕಿ.

ನಿಮ್ಮ ಮೂಲೆ ಕಂಬ ಒಳಕ್ಕೆ ವಾಲಿದೆ ಅಂದಿರಿ. ಅಲ್ಲೇ ಉತ್ತರ ಇದೆ. ತಂತಿ ಎಳೆದು ಕಟ್ಟಿದಾಗ ಪೂರ್ತಿ ಭಾರ ಬೀಳುವುದು ಮೂಲೆಯ ಮೇಲೆ. ನಡುವಿನ ಕಂಬ ಸುಮ್ನೆ ತಂತಿ ಹಿಡಿದುಕೊಂಡು ನಿಂತಿರುತ್ತದೆ ಅಷ್ಟೇ. ಏಳು ಅಡಿ ಕಂಬಕ್ಕೆ ಎರಡು ಅಡಿ ಗುಂಡಿ ಸಾಕು, ಆದರೆ ಮೂಲೆಗೆ ಎಂಟು ಅಡಿಯ ದಪ್ಪ ಕಂಬ ತಂದು ಮೂರು ಅಡಿ ಹೂಳಬೇಕು. ಮೂಲೆಯಿಂದ ಬೇಲಿ ಎರಡು ಕಡೆಗೆ ಹೋಗುತ್ತದೆ ಅಲ್ವಾ, ಎರಡೂ ಸಾಲಿನ ನೇರಕ್ಕೆ ಒಂದೊಂದು ಸಪೋರ್ಟ್ ಕಲ್ಲನ್ನು ಓರೆಯಾಗಿ ಕೊಡಬೇಕು. ಅದರ ತಲೆ ಮೂಲೆ ಕಂಬದ ಅರ್ಧಕ್ಕಿಂತ ಸ್ವಲ್ಪ ಮೇಲೆ ತಾಗಬೇಕು. ತೀರಾ ತುದಿಗೆ ಕೊಟ್ಟರೆ ತಂತಿ ಎಳೆದಾಗ ಕಂಬವನ್ನೇ ಬುಡದಿಂದ ಎತ್ತಿಬಿಡುತ್ತದೆ. ಸಪೋರ್ಟ್ ಕಲ್ಲಿನ ಕಾಲ ಕೆಳಗೆ ಒಂದು ಚಪ್ಪಡಿ ಹೂಳಿ, ಇಲ್ಲದಿದ್ದರೆ ಮೊದಲ ಮಳೆಗೇ ಇಳಿಯುತ್ತದೆ. ಉದ್ದನೆಯ ಸಾಲಿನಲ್ಲಿ 150 ಅಡಿಗೊಂದು ಸಲ ಹೀಗೇ ಗಟ್ಟಿ ಕಂಬ ಕೊಡಿ. 650 ಅಡಿಯನ್ನು ಒಂದೇ ಎಳೆತದಲ್ಲಿ ಬಿಗಿಯುವುದಕ್ಕೆ ಹೋಗಬೇಡಿ.

ಕಲ್ಲು ಇಳಿಸಿಕೊಳ್ಳುವಾಗ ಪಕ್ಕದಲ್ಲೇ ನಿಂತಿರಿ. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ. ಗಂಟೆ ಹಾಗೆ ಟಣ್ ಅಂದರೆ ಒಳ್ಳೆಯ ಕಲ್ಲು. ಡಬ್ ಅಂದರೆ ಒಳಗೆ ಬಿರುಕಿದೆ, ವಾಪಸ್ ಕಳಿಸಿ. ಐದು ಇಂಚು ದಪ್ಪದ ಏಳು ಅಡಿ ಕಲ್ಲು ಸುಮಾರು 90 ಕೆಜಿ ತೂಗುತ್ತದೆ. ಟ್ರೇಲರ್‌ನಿಂದ ಉರುಳಿಸಿ ಬೀಳಿಸಿದರೆ ಕಣ್ಣಿಗೆ ಕಾಣದ ಬಿರುಕು ಬಿಡುತ್ತದೆ, ಆರು ತಿಂಗಳಿಗೆ ಮುರಿಯುತ್ತದೆ. ಇಬ್ಬರು ಹೊತ್ತು ಇಳಿಸಬೇಕು. ಆ ಕೂಲಿ ಉಳಿಸಲು ಹೋಗಬೇಡಿ.

ಗುಂಡಿ ತುಂಬುವಾಗ ಮಣ್ಣು ಒಂದೇ ಸಲ ಸುರಿಯಬೇಡಿ. ಅರ್ಧ ಅಡಿ ಮಣ್ಣು, ಜೊತೆಗೆ ಸಣ್ಣ ಕಲ್ಲುಚೂರು, ಆಮೇಲೆ ಹಾರೆಯ ಹಿಂಬದಿಯಿಂದ ದಮ್ಮಸ್ಸು. ಮತ್ತೆ ಅರ್ಧ ಅಡಿ. ಹೀಗೆ ಮಾಡಿದ ಕಂಬಕ್ಕೆ ಕೆಂಪು ಮಣ್ಣಿನಲ್ಲಿ ಸಿಮೆಂಟು ಬೇಕಿಲ್ಲ. ಕಪ್ಪು ಮಣ್ಣಿದ್ದರೆ ಮಾತು ಬೇರೆ. ಬೇಸಿಗೆಗೆ ಬಿರಿದು ಮಳೆಗೆ ಉಬ್ಬುವ ಮಣ್ಣು ಅದು, ಅಲ್ಲಿ ಮೂಲೆಗೂ ಗೇಟಿಗೂ ಕಾಂಕ್ರೀಟ್ ಹಾಕಲೇಬೇಕು.

ಕೋಲಾರ ಟೊಮೆಟೊ ತೋಟ

ಶಿರಾ ಅಣ್ಣ ಹೇಳಿದ್ದು ಸರಿ, ಆದರೆ ಕಲ್ಲುಕಂಬ ಎಲ್ಲರ ಕೈಗೆ ಎಟುಕುವುದಿಲ್ಲ. ನಮ್ಮ ಕಡೆ ನೀಲಗಿರಿ ಬೊಡ್ಡೆ ಸುಲಭವಾಗಿ ಸಿಗುತ್ತದೆ. ಮೂಲೆಗೆ ಮತ್ತು ಪ್ರತಿ ಐದನೇ ಕಂಬಕ್ಕೆ ಕಲ್ಲು, ನಡುವೆ ನೀಲಗಿರಿ ಅಂತ ಮಾಡಿಕೊಂಡೆ. ಹಸಿ ಬೊಡ್ಡೆ ನೆಟ್ಟರೆ ಎರಡು ವರ್ಷಕ್ಕೇ ಗೆದ್ದಲು ಮುಗಿಸುತ್ತದೆ. ತೊಗಟೆ ಬಿಡಿಸಿ, ನೆರಳಲ್ಲಿ ಒಣಗಿಸಿ, ಬುಡದ ಮೂರು ಅಡಿಗೆ ಡಾಂಬರು ಬಳಿದು ನೆಡಬೇಕು. ನೆಲದ ಮಟ್ಟಕ್ಕಿಂತ ಒಂದು ಅಡಿ ಮೇಲೂ ಬಳಿದಿರಬೇಕು, ಗೆದ್ದಲು ಹತ್ತುವುದೂ ಕೊಳೆಯುವುದೂ ಮಣ್ಣು ಗಾಳಿ ಸೇರುವ ಆ ಜಾಗದಲ್ಲೇ. ನನ್ನದು ಈಗ ಐದನೇ ವರ್ಷ. ಹತ್ತರಲ್ಲಿ ಎರಡು ಬದಲಾಯಿಸಿದ್ದೇನೆ.

ಗೌರಿಬಿದನೂರು ಮೇಕೆಮನೆ

ಶಿರಾ ಅಣ್ಣ, ಕೋಲಾರದವರು, ಇಬ್ಬರಿಗೂ ತುಂಬಾ ಧನ್ಯವಾದ. ನಮ್ಮದು ಕೆಂಪು ಮಣ್ಣು, ಕೆಳಗೆ ಗರಸು (ಗಟ್ಟಿ ಜಲ್ಲಿಮಣ್ಣು). ಈಗ ಜಾಲರಿ ಬಗ್ಗೆ ಕೇಳಬೇಕು. ಚೈನ್‌ಲಿಂಕ್, ವೆಲ್ಡ್ ಮೆಶ್, ಗಂಟು ಹಾಕಿದ ಜಾಲರಿ, ಅಂಗಡಿಯಲ್ಲಿ ಮೂರೂ ತೋರಿಸಿದರು. ಕಿಂಡಿ ಎಷ್ಟಿರಬೇಕು? 6 ಇಂಚಿನ ಕಿಂಡಿಯ ಜಾಲರಿ ಕಮ್ಮಿ ದರಕ್ಕೆ ಕೊಡುತ್ತೇನೆ ಅಂತಿದ್ದಾರೆ.

ಮಧುಗಿರಿ ಅಕ್ಕ

ತಮ್ಮಾ, 6 ಇಂಚಿನ ಕಿಂಡಿ ಮಾತ್ರ ಬೇಡ. ಇದನ್ನು ನಾನು ನೊಂದು ಹೇಳುತ್ತಿದ್ದೇನೆ.

ನಮ್ಮಲ್ಲಿ ಅದನ್ನೇ ಹಾಕಿದ್ದೆವು. ಕೊಂಬಿರುವ ಮೇಕೆ ಆಚೆಯ ಹುಲ್ಲಿಗೆ ತಲೆ ತೂರಿಸುತ್ತದೆ. ಹೋಗುವಾಗ ಕೊಂಬು ಹಿಂದಕ್ಕೆ ಬಾಗಿರುವುದರಿಂದ ಸಲೀಸಾಗಿ ಹೋಗುತ್ತದೆ. ವಾಪಸ್ ಎಳೆದುಕೊಳ್ಳುವಾಗ ಕೊಂಬು ತಂತಿಗೆ ಸಿಕ್ಕಿಕೊಳ್ಳುತ್ತದೆ. ಒಂದು ದಿನ ನಾವು ಮದುವೆಗೆ ಹೋಗಿದ್ದೆವು. ಗಬ್ಬದ ಮೇಕೆಯೊಂದು ಬೆಳಿಗ್ಗೆಯಿಂದ ಬಿಸಿಲಲ್ಲಿ ಹಾಗೇ ಸಿಕ್ಕಿಕೊಂಡು ನಿಂತಿತ್ತು. ಬೀದಿನಾಯಿ ಬಂದಿವೆ. ಅದಕ್ಕೆ ಓಡಲು ಆಗಲಿಲ್ಲ. ಆ ಮೇಕೆ ನಮ್ಮ ಮನೆಯಲ್ಲೇ ಹುಟ್ಟಿದ್ದು. ಈಗಲೂ ಆ ಕಡೆ ಬೇಲಿ ನೋಡಿದರೆ ಸಂಕಟ ಆಗುತ್ತದೆ.

ತಲೆಯೇ ತೂರಬಾರದು, 4 ಇಂಚು ಅಥವಾ ಅದಕ್ಕಿಂತ ಚಿಕ್ಕ ಕಿಂಡಿ ತೆಗೆದುಕೊಳ್ಳಿ. ಎಳೆಮರಿಗೆ 4 ಇಂಚೂ ದೊಡ್ಡದೇ. ಅದಕ್ಕೇ ಮರಿ ಇರುವ ಕಡೆ ಕೆಳಗಿನ ಎರಡು ಅಡಿಗೆ ಕೋಳಿ ಜಾಲರಿಯನ್ನೂ ಸೇರಿಸಿ ಕಟ್ಟುತ್ತೇವೆ. ನಿಮಗೆ ಕೋಳಿಯೂ ಇದೆ, ಎರಡಕ್ಕೂ ಆಗುತ್ತದೆ.

ವೆಲ್ಡ್ ಮೆಶ್ ಮೊದಲ ವರ್ಷ ಬಹಳ ಚೆನ್ನಾಗಿ ಕಾಣುತ್ತದೆ. ಮೇಕೆ ಮುಂಗಾಲು ಇಟ್ಟು ನಿಂತು ನಿಂತು ಬೆಸುಗೆ ಬಿಡುತ್ತದೆ. ಒಂದು ಬಿಟ್ಟರೆ ಪಕ್ಕದ್ದೂ ಬಿಡುತ್ತದೆ, ಮುರಿದ ತುದಿ ಈಟಿ ಹಾಗೆ ನಿಲ್ಲುತ್ತದೆ. ಶೆಡ್ಡಿಗೆ ಸರಿ, ಹೊಲಕ್ಕೆ ಬೇಡ. ಚೈನ್‌ಲಿಂಕ್ ಬಳುಕುತ್ತದೆ, ಆದರೆ ಮೇಲೆ, ನಡುವೆ, ಕೆಳಗೆ ಮೂರು ಸಾಲು ದಪ್ಪ ತಂತಿ ಎಳೆದು ಅದಕ್ಕೆ ಬಿಗಿದು ಕಟ್ಟಿದರೆ ವರ್ಷಗಟ್ಟಲೆ ನಿಲ್ಲುತ್ತದೆ. ಕೆಳಗಿನ ಸಾಲು ಬಿಟ್ಟುಬಿಡುವವರೇ ಜಾಸ್ತಿ. ಮರಿಗಳು ಜಾಲರಿಯನ್ನು ಮೂಗಿನಿಂದ ಎತ್ತಿಕೊಂಡು ಆಚೆ ಹೋಗುವುದು ಆಗಲೇ. ಗಂಟು ಹಾಕಿದ ಜಾಲರಿ ಸಿಕ್ಕರೆ ನನ್ನ ಕಣ್ಣಿಗೆ ಅದೇ ಒಳ್ಳೆಯದು. ಕೆಳಗೆ ಚಿಕ್ಕ ಕಿಂಡಿ, ಮೇಲೆ ಹೋದ ಹಾಗೆ ದೊಡ್ಡದು. ಗಂಟು ಜಾರುವುದಿಲ್ಲ, ಒಂದು ತಂತಿ ಹೋದರೂ ಪೂರ್ತಿ ಬಿಚ್ಚಿಕೊಳ್ಳುವುದಿಲ್ಲ.

ಇರುವ ಮುಳ್ಳುತಂತಿಯನ್ನು ಬಿಸಾಡಬೇಡಿ. ಒಂದು ಸಾಲು ಜಾಲರಿಯ ತುದಿಗೆ, ಒಂದು ಸಾಲು ಹೊರಗಡೆ ನೆಲಕ್ಕೆ ಹತ್ತಿದ ಹಾಗೆ ಎಳೆಯಿರಿ. ಹೊರಗಿನದು ನಾಯಿಗೂ ಹಂದಿಗೂ. ಒಳಗಡೆ ಮಾತ್ರ ಒಂದು ಮುಳ್ಳೂ ಇರಬಾರದು. ಹಾಲು ತುಂಬಿದ ಮೇಕೆ ಮುಳ್ಳುತಂತಿ ನುಸುಳಿ ಕೆಚ್ಚಲು ಸೀಳಿಕೊಂಡರೆ ಆ ಕೆಚ್ಚಲು ಮತ್ತೆ ಸರಿಹೋಗುವುದು ಕಷ್ಟ.

ಇನ್ನೊಂದು ಮಾತು ಬೇಲಿಯದ್ದಲ್ಲ, ಹೊಟ್ಟೆಯದ್ದು. ನಿಮ್ಮ ಮೇಕೆ ಬೆಳಿಗ್ಗೆ ಹತ್ತಕ್ಕೆ ಯಾಕೆ ನುಸುಳಿದವು? ಅಷ್ಟು ಹೊತ್ತಿಗೆ ಅವಕ್ಕೆ ಏನು ಹಾಕಿದ್ದಿರಿ? ದೊಡ್ಡ ಮೇಕೆಗೆ ದಿನಕ್ಕೆ ನಾಲ್ಕು ಕೆಜಿ ಹತ್ತಿರ ಹಸಿ ಮೇವು ಬೇಕು. ಬೆಳಿಗ್ಗೆ ಬಿಡುವ ಮೊದಲೇ ಅಗಸೆ ಮರದ ಸೊಪ್ಪೋ ಹಲಸಿನ ಸೊಪ್ಪೋ ಕಟ್ಟಿ ನೇತುಹಾಕಿ. ಹೊಟ್ಟೆ ತುಂಬಿದ ಮೇಕೆ ಮಲಗಿ ಮೆಲುಕು ಹಾಕುತ್ತದೆ, ಬೇಲಿ ಕಡೆ ತಲೆಯೇ ಹಾಕುವುದಿಲ್ಲ. ಆದರೆ ಹೋತನಿಗೆ ಈ ಮಾತು ಹೇಳಬೇಡಿ. ಪಕ್ಕದ ಹಿಂಡಿನಲ್ಲಿ ಒಂದು ಬೆದೆಗೆ ಬಂದರೆ ಮೇವು ಬಿಟ್ಟು ಬೇಲಿಯನ್ನೇ ಗುದ್ದುತ್ತಾನೆ. ಅವನಿಗೆ ಬೇರೆಯೇ ಗಟ್ಟಿ ಕೊಟ್ಟಿಗೆ ಮಾಡಿ.

ಗೌರಿಬಿದನೂರು ಮೇಕೆಮನೆ

ಅಕ್ಕಾ, ನಿಮ್ಮ ಮೇಕೆಯ ವಿಷಯ ಓದಿ ಬೇಜಾರಾಯಿತು. ನೀವು ಕೇಳಿದ್ದಕ್ಕೆ ಉತ್ತರ: ಆ ದಿನ ನಾನು ಮೇವು ಹಾಕದೇ ಬಿಟ್ಟಿದ್ದೆ. ಕರೆಂಟು ಬರುವ ಹೊತ್ತಾಗಿತ್ತು, ನೀರು ಕಟ್ಟಲು ಓಡಿದ್ದೆ. 6 ಇಂಚಿನದು ಬೇಡ ಅಂತ ಅಂಗಡಿಗೆ ಈಗಲೇ ಫೋನ್ ಮಾಡಿ ಹೇಳಿದೆ.

ಶಿರಾ ಬೇಲಿ ಕೆಲಸ

ಅಕ್ಕ ಹೇಳಿದ್ದಕ್ಕೆ ಒಂದು ಸೇರಿಸುತ್ತೇನೆ. ತಂತಿಯ ಗೇಜ್ ನೋಡಿ ತೆಗೆದುಕೊಳ್ಳಿ. ಗೇಜ್ ನಂಬರು ಜಾಸ್ತಿ ಆದಷ್ಟೂ ತಂತಿ ಸಣ್ಣ. 12 ಗೇಜ್ ಅಂದರೆ ಸುಮಾರು 2.6 ಮಿಲಿಮೀಟರ್, 14 ಗೇಜ್ ಸುಮಾರು 2 ಮಿಲಿಮೀಟರ್. ಕೈಯಲ್ಲಿ ಹಿಡಿದರೆ ವ್ಯತ್ಯಾಸ ಅಷ್ಟಾಗಿ ಗೊತ್ತಾಗುವುದಿಲ್ಲ. ಆದರೆ ಅಷ್ಟೇ ಉದ್ದದ ತಂತಿಯಲ್ಲಿ 12ರಲ್ಲಿ ಇರುವ ಕಬ್ಬಿಣ 14ರದ್ದರ ಒಂದೂ ಮುಕ್ಕಾಲು ಪಟ್ಟು ಹತ್ತಿರ. ಕೆಜಿ ಲೆಕ್ಕದಲ್ಲಿ ಮಾರುವಾಗ "ನಮ್ಮದರಲ್ಲಿ ಉದ್ದ ಜಾಸ್ತಿ ಬರುತ್ತದೆ" ಅನ್ನುವವರು ಕೊಡುತ್ತಿರುವುದು ಸಣ್ಣ ತಂತಿ. ಮೇಕೆ ಬೇಲಿಗೆ 12ಕ್ಕಿಂತ ಸಣ್ಣದು ಬೇಡ. ಮೇಲಿನ ಕೆಳಗಿನ ಎಳೆತದ ಸಾಲಿಗೆ 10 ಇದ್ದರೆ ಒಳ್ಳೆಯದು. ಜಿಂಕ್ ಲೇಪನ ಎಷ್ಟು ಗ್ರಾಂ ಅಂತಲೂ ಕೇಳಿ, ಬಿಲ್ಲಿನಲ್ಲಿ ಬರೆಸಿ. ತುಕ್ಕು ಹಿಡಿಯುವುದು ಅದರ ಮೇಲೇ ನಿಂತಿದೆ. ಮೂಲೆ ಕಲ್ಲಿನ ಏಣು ಚೂಪಾಗಿದ್ದರೆ ತಂತಿ ಉಜ್ಜಿ ಲೇಪನ ಹೋಗುತ್ತದೆ, ಹಳೇ ಪೈಪಿನ ತುಂಡನ್ನು ಸೀಳಿ ಅಲ್ಲಿ ಇಡಿ.

ಇನ್ನು ಮೂರೂ ಎಕರೆಗೆ ಜಾಲರಿ ಯಾಕೆ ಅಣ್ಣ? ಲೆಕ್ಕ ಹಾಕಿ ನೋಡೋಣ. 200 ಮತ್ತು 650 ಅಂದರೆ ಸುತ್ತಳತೆ 1,700 ಅಡಿ. ಹತ್ತು ಅಡಿಗೊಂದು ಅಂದರೂ 170 ಕಂಬ. ಅದೇ ಮನೆ ಪಕ್ಕದ ಒಂದು ಎಕರೆ, 200 ಅಡಿ ಅಗಲ, 218 ಅಡಿ ಉದ್ದ ತೆಗೆದುಕೊಂಡರೆ ಸುತ್ತಳತೆ 836 ಅಡಿ, ಕಂಬ 84. ಅರ್ಧಕ್ಕಿಂತ ಕಮ್ಮಿ ಖರ್ಚು. ಆ ಒಂದು ಎಕರೆಯನ್ನು ಮೇಕೆ ಮುರಿಯದ ಹಾಗೆ ಮಾಡಿ. ಉಳಿದದ್ದಕ್ಕೆ ಹಳೇ ಮುಳ್ಳುತಂತಿ ಸಾಕು. ಅಲ್ಲಿ ಮೇವು ಬೆಳೆದು ಕೊಯ್ದು ತಂದು ಹಾಕಿ.

ಪಾವಗಡ ರೊಪ್ಪ

ಸ್ವಾಮಿ, ನಮ್ಮ ಹಿರಿಯರು ಒಂದು ಅಡಿ ತಂತಿ ಇಲ್ಲದೆ ಸಾವಿರ ಕುರಿ ಮೇಕೆ ಕಾದವರು. ಕಾಡುಗೊಲ್ಲರ ಹಟ್ಟಿ ಕಡೆ ಬಂದು ನೋಡಿ, ಕಾರೆಕಳ್ಳೆ (ಕಾರೆಗಿಡದ ಮುಳ್ಳುಕೊಂಬೆ) ಕಡಿದು ತಂದು ಬುಡ ಒಳಕ್ಕೆ, ಮುಳ್ಳು ಹೊರಕ್ಕೆ ಮಾಡಿ ಒತ್ತೊತ್ತಾಗಿ ಜೋಡಿಸುತ್ತಾರೆ. ತೋಳ ಕೂಡ ಹತ್ತಿರ ಬರುವುದಿಲ್ಲ. ರಾತ್ರಿ ಕುರಿ ಮೇಕೆ ಕೂಡುವ ರೊಪ್ಪಕ್ಕೆ ಇವತ್ತಿಗೂ ಅದಕ್ಕಿಂತ ಒಳ್ಳೆಯದು ನನಗೆ ಕಂಡಿಲ್ಲ. ಆದರೆ ವರ್ಷ ವರ್ಷ ಹೊಸದು ಹೇರಬೇಕು, ಕಾರೆಗಿಡವೂ ಮೊದಲಿನ ಹಾಗೆ ಸಿಗುವುದಿಲ್ಲ.

ಜೀವಂತ ಬೇಲಿ ಬೆಳೆಸುವವರು ಒಂದು ವಿಷಯ ನೆನಪಿಡಿ. ಗೊಬ್ಬರದ ಗಿಡ (ಗ್ಲಿರಿಸಿಡಿಯಾ), ಅಗಸೆ, ನುಗ್ಗೆ, ಇವನ್ನು ಬೇಲಿಗೆ ಹತ್ತಿದ ಹಾಗೆ ನೆಟ್ಟರೆ ನಿಮ್ಮ ಮೇಕೆಯೇ ಬೇಲಿ ಹತ್ತಿ ತಿನ್ನುತ್ತದೆ. ಜಾಲರಿ ಜೋತುಬೀಳುವುದು ಅಲ್ಲಿಂದಲೇ ಶುರು. ಮೇವಿನ ಗಿಡ ಬೇಲಿಯಿಂದ ಆರಡಿ ಆಚೆ ಇರಲಿ. ಬೇಲಿ ಸಾಲಿಗೆ ಕತ್ತಾಳೆ, ಕಳ್ಳಿ ಹಾಕಿ. ಆಡುಸೋಗೆಯೂ ಆಗುತ್ತದೆ. ಆಡು ಮುಟ್ಟದ ಸೊಪ್ಪಿಲ್ಲ ಅಂತಾರೆ, ಆದರೆ ಆಡುಸೋಗೆಯನ್ನು ಆಡು ಬಾಯಿಗೆ ಹಾಕುವುದಿಲ್ಲ. ಕಡ್ಡಿ ಚುಚ್ಚಿದರೆ ಮಳೆಗಾಲದಲ್ಲಿ ಬೇರು ಬಿಡುತ್ತದೆ, ಮನೆಗೆ ಕೆಮ್ಮಿನ ಔಷಧಿಗೂ ಆಯಿತು. ಬಳ್ಳಾರಿ ಜಾಲಿ ಮಾತ್ರ ತರಬೇಡಿ. ಮೇಕೆ ಅದರ ಕಾಯಿ ತಿಂದು ಹಿಕ್ಕೆಯಲ್ಲಿ ಬೀಜ ಊರೆಲ್ಲಾ ಹರಡುತ್ತದೆ. ನಮ್ಮ ಕೆರೆ ಅಂಗಳ ಹೋಗಿದ್ದೇ ಹಾಗೆ.

ಕೊನೆಗೆ ಒಂದು ಕೋರಿಕೆ. ಬೇಲಿ ಹಾಕುವಾಗ ಕುರಿ ಮಂದೆ ಕೆರೆಗೆ ಹೋಗುವ ದಾರಿ ಮುಚ್ಚಬೇಡಿ. ನಮ್ಮ ತಾಲೂಕಿನಲ್ಲಿ ಸೋಲಾರ್ ಪಾರ್ಕ್ ಒಂದೇ 13,000 ಎಕರೆ. ಅದರ ಸುತ್ತ ಮಂದೆ ಬಳಸಿಕೊಂಡು ಹೋಗಬೇಕು. ಇನ್ನು ಊರೊಳಗಿನ ಕಾಲುದಾರಿಯೂ ಹೋದರೆ ಮೇಯಿಸುವವರು ಎಲ್ಲಿಗೆ ಹೋಗಬೇಕು? ಹದಿನೈದು ಅಡಿ ಬಿಟ್ಟು ಬೇಲಿ ಹಾಕಿದವರ ಹೊಲದಲ್ಲಿ ನಾವು ಎರಡು ರಾತ್ರಿ ಮಂದೆ ನಿಲ್ಲಿಸಿ ಗೊಬ್ಬರ ಕೊಟ್ಟು ಬರುತ್ತೇವೆ.

ಕೊರಟಗೆರೆ ಬದು

ಪಾವಗಡದವರು ಹೇಳಿದ್ದು ಕಾನೂನಿನಲ್ಲೂ ಸರಿ. ಗ್ರಾಮ ನಕಾಶೆಯಲ್ಲಿ ಬಂಡಿದಾರಿ, ಕಾಲುದಾರಿ, ಹಳ್ಳ ಏನೇ ಗುರುತಿದ್ದರೂ ಮುಚ್ಚುವ ಹಾಗಿಲ್ಲ. ಬಿ ಖರಾಬು (ದಾರಿ, ಹಳ್ಳದಂಥ ಸಾರ್ವಜನಿಕ ಜಾಗ) ನಿಮ್ಮ ಪಹಣಿಯ ಒಳಗೇ ಕಂಡರೂ ಅದು ನಿಮ್ಮದಲ್ಲ.

ಗೌರಿಬಿದನೂರಿನವರೇ, ಕಲ್ಲು ತರುವ ಮೊದಲು ಹದ್ದುಬಸ್ತು ಮಾಡಿಸಿದ್ದೀರಾ? ಅರ್ಜಿ ಹಾಕಿದರೆ ಸರ್ವೆಯವರು ಬಾಜುದಾರರಿಗೆ ನೋಟಿಸ್ ಕೊಟ್ಟು, ಎಲ್ಲರ ಎದುರು ಅಳೆದು ಗುರುತು ಹಾಕಿ ಕೊಡುತ್ತಾರೆ. ಇರುವ ಬದುವೇ ಗಡಿ ಅಂತ ನಂಬಿ ಕಂಬ ನೆಟ್ಟು, ಆಮೇಲೆ 84 ಕಲ್ಲು ಕಿತ್ತವರನ್ನು ನಾನು ಕಣ್ಣಾರೆ ನೋಡಿದ್ದೇನೆ. ಗಡಿ ಗೊತ್ತಾದ ಮೇಲೂ ಒಂದು ಅಡಿ ನಿಮ್ಮ ಕಡೆಗೇ ಬಿಟ್ಟು ನೆಡಿ. ಹೊರಗಿನಿಂದ ತಂತಿ ಬಿಗಿಯಲು, ಕಳೆ ತೆಗೆಯಲು ನೀವು ಓಡಾಡಬೇಕಲ್ವಾ. ಸರ್ವೆಯವರ ಗಡಿ ಗುರುತಾದ ಬಾಂದು ಕಲ್ಲನ್ನು ಮಾತ್ರ ಅಲ್ಲಾಡಿಸಬೇಡಿ.

ಗುಬ್ಬಿ ತೆಂಗು

ನಮ್ಮ ಕಡೆ ಚಿರತೆ ಕಾಟ ಇದೆ. ಬೀದಿನಾಯಿ ಅಂತೂ ಎಲ್ಲಾ ಕಡೆ. ಪಂಪ್‌ಸೆಟ್ ಲೈನಿನಿಂದ ರಾತ್ರಿ ಬೇಲಿಗೆ ಒಂದು ವೈರು ಕೊಟ್ಟರೆ ಸುಲಭ ಅಂತ ಕೆಲವರು ಹೇಳುತ್ತಾರೆ. ಯಾರಾದರೂ ಮಾಡಿದ್ದೀರಾ?

ಮಧುಗಿರಿ ಅಕ್ಕ

ಬೇಡ. ಯಾರೇ ಹೇಳಿದರೂ ಬೇಡ. ರಾತ್ರಿ ನೀರು ಕಟ್ಟಲು ಬರುವ ಪಕ್ಕದ ಹೊಲದವರು ಬದುವಿನ ಮೇಲೆಯೇ ನಡೆಯುತ್ತಾರೆ. ಮಕ್ಕಳು ಓಡಾಡುತ್ತಾರೆ.

ಶಿರಾ ಬೇಲಿ ಕೆಲಸ

ಅಕ್ಕನ ಮಾತೇ ನನ್ನದೂ. ಲೈನಿನ ಕರೆಂಟು ಹಿಡಿದವರನ್ನು ಬಿಡುವುದಿಲ್ಲ, ಕೊಲ್ಲುತ್ತದೆ. ಅದು ಕರೆಂಟು ಕಳವು ಕೂಡ, 2003ರ ವಿದ್ಯುತ್ ಕಾಯಿದೆಯಲ್ಲಿ ಕೇಸು ಆಗುತ್ತದೆ. ಜೀವ ಹೋದರೆ ಅದರ ಕೇಸು ಬೇರೆ. ಹಂದಿಗೆ ಅಂತ ಬ್ರೇಕ್ ವೈರಿನ ಉರುಳು ಕಟ್ಟುವುದೂ ಹಾಗೇ. ಅದಕ್ಕೆ ಚಿರತೆ ಬೀಳುತ್ತದೆ, 1972ರ ವನ್ಯಜೀವಿ ಕಾಯಿದೆ ಬರುತ್ತದೆ.

ಬೇಕಾದರೆ ಸೋಲಾರ್ ಝಟ್ಕಾ ಮಷಿನ್ ಹಾಕಿ. ಅದು ಸೆಕೆಂಡಿಗೊಂದು ಸಲ ಕಣ್ಣು ಮಿಟುಕಿಸುವಷ್ಟೂ ಇಲ್ಲದ ಹೊತ್ತು ಹೊಡೆದು ಬಿಡುತ್ತದೆ. ನೋಯುತ್ತದೆ, ಕೊಲ್ಲುವುದಿಲ್ಲ. ಐಎಸ್‌ಐ ಗುರುತಿರುವ ಮಷಿನ್ ಮಾತ್ರ, ಮನೆಯಲ್ಲಿ ಜೋಡಿಸಿದ್ದು ಬೇಡ. ನಮ್ಮ ಬರದ ತಾಲೂಕುಗಳಲ್ಲಿ ಒಂದು ತೊಂದರೆ ಇದೆ. ನೆಲ ಒಣಗಿದ್ದಾಗ ಝಟ್ಕಾ ತಾಗುವುದಿಲ್ಲ. ಪ್ರಾಣಿಯ ಮೈಯಿಂದ ನೆಲಕ್ಕೆ ಇಳಿದು ಮಷಿನ್ನಿಗೆ ವಾಪಸ್ ಹೋದರೆ ತಾನೇ ಹೊಡೆತ. ಅದಕ್ಕೆ ಮೂರು ಅರ್ಥಿಂಗ್ ರಾಡನ್ನು ಹತ್ತತ್ತು ಅಡಿ ದೂರದಲ್ಲಿ, ತೇವ ಇರುವ ಜಾಗದಲ್ಲಿ ಹೂಳಿ. ಬೇಲಿಯಲ್ಲೂ ಒಂದು ತಂತಿ ಝಟ್ಕಾ, ಪಕ್ಕದ ತಂತಿ ಅರ್ಥ್, ಹೀಗೆ ಬಿಟ್ಟು ಬಿಟ್ಟು ಕೊಡಿ. ಎರಡೂ ಒಟ್ಟಿಗೆ ತಾಗಿದರೆ ನೆಲ ಒಣಗಿದ್ದರೂ ಹೊಡೆಯುತ್ತದೆ. ಮಳೆಗಾಲದಲ್ಲಿ ಹುಲ್ಲು ಬೆಳೆದು ತಂತಿಗೆ ತಾಗಿದರೆ ಶಕ್ತಿ ಎಲ್ಲಾ ಅಲ್ಲೇ ಸೋರಿಹೋಗುತ್ತದೆ, ಕಳೆ ತೆಗೆಯುತ್ತಿರಬೇಕು.

ಚಿರತೆಗೆ ಬೇಲಿಯಲ್ಲಿ ಉತ್ತರ ಇಲ್ಲ. ಐದಡಿ ಅದಕ್ಕೆ ಒಂದು ನೆಗೆತ. ರಾತ್ರಿ ಶೆಡ್ಡಿನಲ್ಲೇ ಇಡಬೇಕು. ಗೋಡೆಯಿಂದ ಮಾಡಿನವರೆಗೆ ಜಾಲರಿ ಮುಚ್ಚಿರಬೇಕು, ಮಾಡು ಗಟ್ಟಿ ಇರಬೇಕು.

ಗುಬ್ಬಿ ತೆಂಗು

ಅರ್ಥ ಆಯಿತು, ಕೇಳಿದ್ದು ಒಳ್ಳೆಯದಾಯಿತು. ನಮ್ಮ ಊರಲ್ಲಿ ಹಾಗೆ ಹೇಳುತ್ತಿದ್ದವರಿಗೂ ಇದನ್ನು ತೋರಿಸುತ್ತೇನೆ. ಒಂದು ಸೇರಿಸುತ್ತೇನೆ: ಚಿರತೆ ಮೇಕೆ ಹೊಡೆದರೆ ಅದನ್ನು ಅಲ್ಲಿಂದ ಎತ್ತಬೇಡಿ. ಫೋಟೋ ತೆಗೆದು ಅರಣ್ಯ ಇಲಾಖೆಗೆ ತಿಳಿಸಿ, ಅವರು ಬಂದು ನೋಡಿದ ಮೇಲೆ ಪರಿಹಾರಕ್ಕೆ ಅರ್ಜಿ ಹಾಕಬಹುದು.

ಚಿಂತಾಮಣಿ ಪಶುಸೇವೆ

ಬೇಲಿ ಅಂದರೆ ಬರೀ ಪಕ್ಕದವರ ಬೆಳೆ ಉಳಿಸುವುದಲ್ಲ, ಮೇಕೆಯ ಜೀವ ಉಳಿಸುವುದೂ ಹೌದು. ಮಳೆ ಕೈಕೊಟ್ಟು ಬಾಡಿದ ಎಳೆ ಜೋಳ, ಕೊಯ್ದ ಮೇಲೆ ಚಿಗುರಿದ ಕೂಳೆ ಜೋಳ, ಇವುಗಳಲ್ಲಿ ಸೈನೈಡ್ ನಂಜು ಇರುತ್ತದೆ. ತಪ್ಪಿಸಿಕೊಂಡು ಹೋದ ಮೇಕೆ ಹೊಟ್ಟೆ ತುಂಬಾ ತಿಂದರೆ ಅರ್ಧ ಗಂಟೆಯೂ ಉಳಿಯದೆ ಇರಬಹುದು. ಉಸಿರು ಜೋರಾಗಿ, ನಡುಗಿ ಬಿದ್ದರೆ ಮನೆಮದ್ದು ಮಾಡುತ್ತಾ ಕೂರಬೇಡಿ, ಡಾಕ್ಟರಿಗೆ ಫೋನ್ ಮಾಡಿ. ಬೇಗ ಇಂಜೆಕ್ಷನ್ ಸಿಕ್ಕರೆ ಬದುಕುತ್ತವೆ.

ಒಳಗೆ ಒಂದು ಮೂಲೆಯಲ್ಲಿ ಸಣ್ಣ ದೊಡ್ಡಿ ಬೇರೆ ಮಾಡಿಕೊಳ್ಳಿ. ಸಂತೆಯಿಂದ ತಂದ ಮೇಕೆಯನ್ನು ಮೂರು ವಾರ ಅಲ್ಲೇ ಇಟ್ಟು ನೋಡಿ. ಪಿಪಿಆರ್ ರೋಗ (ಕುರಿ ಮೇಕೆಗಳ ಪ್ಲೇಗ್) ಬರುವುದು ಹೊಸ ಮೇಕೆಯ ಮೂಗಿನ ಮೂಲಕವೇ. ದೊಡ್ಡ ದೊಡ್ಡಿಗೂ ಇದಕ್ಕೂ ನಡುವೆ ಜಾಗ ಇರಬೇಕು, ಮೂಗಿಗೆ ಮೂಗು ತಾಗಬಾರದು.

ಕೋಲಾರ ಟೊಮೆಟೊ ತೋಟ

ಸಬ್ಸಿಡಿ ಯಾರೂ ಹೇಳಲಿಲ್ಲ. ಸರ್ಕಾರದಿಂದ ಏನೂ ಇಲ್ವಾ?

ಚಿಂತಾಮಣಿ ಪಶುಸೇವೆ

ಸರ್, ರಾಷ್ಟ್ರೀಯ ಜಾನುವಾರು ಮಿಷನ್‌ನಲ್ಲಿ ಶೇಕಡಾ 50 ಸಹಾಯಧನ ಇದೆ. ಆದರೆ ಅದರಲ್ಲಿ ಅತಿ ಚಿಕ್ಕ ಘಟಕವೇ 100 ಹೆಣ್ಣು, 5 ಗಂಡು. 22 ಮೇಕೆ ಇರುವವರಿಗೆ ಹೊಂದುವುದಿಲ್ಲ. ಅರ್ಹತೆ ಇರುವವರಿಗೆ ನರೇಗಾದಲ್ಲಿ ಮೇಕೆ ಶೆಡ್ ಕಟ್ಟಿಕೊಳ್ಳಲು ಅವಕಾಶ ಇತ್ತು, ಈಗ ಹೇಗಿದೆ ಅಂತ ಪಂಚಾಯಿತಿಯಲ್ಲಿ ಕೇಳಿ. ಮೇವಿನ ಬೀಜ, ಕಡ್ಡಿಗೆ ನಮ್ಮ ಕುರುಬೂರು, ತುಮಕೂರಿನವರಿಗೆ ಹಿರೇಹಳ್ಳಿ ಅಥವಾ ಕೊನೇಹಳ್ಳಿ, ನಿಮಗೆ ಟಮಕ, ಈ ಕೃಷಿ ವಿಜ್ಞಾನ ಕೇಂದ್ರಗಳಲ್ಲಿ ವಿಚಾರಿಸಬಹುದು.

ಗೌರಿಬಿದನೂರು ಮೇಕೆಮನೆ

ಎರಡು ತಿಂಗಳಾದ ಮೇಲೆ ಬರೆಯುತ್ತಿದ್ದೇನೆ. ಎಲ್ಲರೂ ಹೇಳಿದ್ದನ್ನು ಒಂದು ಹಾಳೆಯಲ್ಲಿ ಬರೆದು ಜೇಬಲ್ಲಿ ಇಟ್ಟುಕೊಂಡು ಕೆಲಸ ಮಾಡಿಸಿದೆ.

ಮೊದಲು ಹದ್ದುಬಸ್ತು. ಕೊರಟಗೆರೆಯವರೇ, ನಿಮಗೆ ಕೈಮುಗಿಯುತ್ತೇನೆ. ಹಿಪ್ಪುನೇರಳೆ ಕಡೆಯ ಬದು ನಾಲ್ಕು ಅಡಿ ಅವರ ಜಾಗದಲ್ಲಿ ಇತ್ತು. ನಮ್ಮ ತಾತನ ಕಾಲದಿಂದ ನಮ್ಮದು ಅಂತಲೇ ಉಳುತ್ತಿದ್ದೆವು. ಬಿಟ್ಟುಕೊಟ್ಟೆ. ಪಕ್ಕದ ಅಣ್ಣನೇ ಎರಡು ದಿನ ಬಂದು ಹುರಿ ಹಿಡಿದು ನಿಂತರು.

ಒಂದು ಎಕರೆ, 84 ಕಲ್ಲಿಗೆ ಹೇಳಿದ್ದೆ. ತಟ್ಟಿ ನೋಡಿ 11 ಕಲ್ಲು ವಾಪಸ್ ಕಳಿಸಿದೆ. ತಂದವರಿಗೆ ಸಿಟ್ಟು ಬಂತು, ಆಮೇಲೆ ಬೇರೆ ಕೊಟ್ಟರು. ಗರಸಿನಲ್ಲಿ ಗುಂಡಿ ತೋಡಲು ಕಷ್ಟ ಆಯಿತು, ಒಂದು ಮಳೆ ಬೀಳುವವರೆಗೆ ಕಾದೆವು. ಮೂಲೆಗೆ ಸಪೋರ್ಟ್ ಕಲ್ಲು, ಅದರ ಕೆಳಗೆ ಚಪ್ಪಡಿ, ಶಿರಾ ಅಣ್ಣ ಹೇಳಿದ ಹಾಗೇ. ಜಾಲರಿ ಗಂಟಿನದ್ದು, 12 ಗೇಜ್. ಬೇಲಿಯ ಒಂದು ಕಡೆ ಮಳೆನೀರು ಹರಿಯುವ ತಗ್ಗಿದೆ. ಅಲ್ಲಿ ಜಾಲರಿಯನ್ನು ನೆಲಕ್ಕೆ ಬಿಗಿಯದೆ ಬೇರೆ ತುಂಡು ಮಾಡಿ ಮೇಲಿನಿಂದ ನೇತುಬಿಟ್ಟಿದ್ದೇವೆ. ಹೋದ ವಾರದ ಜೋರು ಮಳೆಗೆ ಕಸ ಬಂದು ಆ ತುಂಡು ಮಾತ್ರ ಪಕ್ಕಕ್ಕೆ ಸರಿದಿತ್ತು, ಬೇಲಿ ಅಲ್ಲಾಡಿರಲಿಲ್ಲ. ಹೊರಗಡೆ ಆಡುಸೋಗೆ ಕಡ್ಡಿ ನೆಟ್ಟಿದ್ದೇನೆ, ಚಿಗುರಿದೆ.

ಬೆಳಿಗ್ಗೆ ಮೇವು ಹಾಕದೆ ಮೇಕೆ ಬಿಡುವುದನ್ನು ನಿಲ್ಲಿಸಿದ್ದೇನೆ ಅಕ್ಕಾ. ಹೋತನಿಗೆ ಬೇರೆ ಕೊಟ್ಟಿಗೆ ಆಗಿದೆ. ಮೊದಲ ಮೂರು ದಿನ ಮೇಕೆಗಳು ಬೇಲಿ ಪೂರ್ತಿ ಒಂದು ಸುತ್ತು ನಡೆದು ಮೂಸಿ ನೋಡಿದವು. ಈಗ ಹೊಂಗೆ ಮರದ ಕೆಳಗೆ ಮಲಗುತ್ತವೆ.

ಮಧುಗಿರಿ ಅಕ್ಕ

ಕೇಳಿ ಖುಷಿ ಆಯಿತು ತಮ್ಮಾ. ಗೇಟು ಹೇಗೆ ಮಾಡಿಸಿದೆ? ಎತ್ತಿದರೆ ಕಳಚುವ ಹಾಗಿದೆಯಾ? ನಮ್ಮ ಮೇಕೆ ಕೊಂಬಿನಲ್ಲಿ ಎತ್ತಿ ಕೀಲಿನಿಂದ ಬಿಡಿಸುತ್ತಿತ್ತು. ಮೇಲಿನ ಕೀಲನ್ನು ತಲೆಕೆಳಗಾಗಿ ತಿರುಗಿಸಿ ಹಾಕಿಸಬೇಕು, ಆಗ ಎತ್ತಲು ಆಗುವುದಿಲ್ಲ. ಚಿಲಕದ ಜೊತೆ ಒಂದು ಸರಪಳಿಯೂ ಇರಲಿ.

ಗೌರಿಬಿದನೂರು ಮೇಕೆಮನೆ

ಕೀಲು ತಿರುಗಿಸಿ ಹಾಕಿಸಿದ್ದೇನೆ ಅಕ್ಕಾ, ಸರಪಳಿಯೂ ಇದೆ. ಆದರೆ ನೀವು ಕೇಳಿದ ಮೇಲೆ ಈಗ ಹೋಗಿ ಬಗ್ಗಿ ನೋಡಿದೆ. ಗೇಟಿನ ಕೆಳಗೆ ಐದು ಇಂಚು ಸಂದಿ ಇದೆ. ಮೊನ್ನೆ ಹುಟ್ಟಿದ ಎರಡು ಮರಿ ಅಲ್ಲೇ ಆಡುತ್ತಿವೆ. ಇವತ್ತು ರಾತ್ರಿಗೆ ಹಲಗೆ ಅಡ್ಡ ಇಟ್ಟಿದ್ದೇನೆ, ನಾಳೆ ಬೆಳಿಗ್ಗೆ ಉಳಿದಿರುವ ಚಪ್ಪಡಿ ಹೂಳಿ ಸಂದಿ ಮುಚ್ಚುತ್ತೇನೆ.